24 ಗಂಟೆಗಳ ಓಟ



ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅವನು ಬರಿಯ ಮೈಕಟ್ಟಿಗೆ ಮರುಳಾಗುವುದಿಲ್ಲ. ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಉಳುಮೆಯ ಕಾಲವೆಲ್ಲ ಬಾಳುವ ಎತ್ತು ಅವನಿಗೆ ಬೇಕು. ಮೋಟಾರು ಓಟಗಳಲ್ಲಿಯೂ ಇಂಥದೇ ಪರೀಕ್ಷೆಯೊಂದಿದೆ. ಅದಕ್ಕಾಗಿಯೇ ತಯಾರಿಸುವ, ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಕಾರುಗಳಿಗೆ ಸ್ಪೋರ್ಟ್ಸ್ ಪ್ರೋಟೋಟೈಪ್ ಎಂದು ಹೆಸರು.

ಫಾರ್ಮುಲಾ ಒನ್ ಓಟ ಸುಮಾರು 2 ಗಂಟೆಗಳಲ್ಲಿ ಮುಗಿಯುತ್ತದೆ. ಫ್ರಾನ್ಸಿನ ಲೆ ಮಾನ್ಸ್ ಊರಿನಲ್ಲಿ 1923ರಲ್ಲಿ ಆರಂಭವಾದ ಓಟವಾದರೋ ಹಗಲು, ರಾತ್ರಿ, ಮಳೆ ಎನ್ನದೆ 24 ಗಂಟೆ ನಡೆಯುತ್ತದೆ. ಅಲ್ಲಿ ವೇಗದಷ್ಟೇ ತಾಳಿಕೆಯೂ ಮುಖ್ಯ.

1952ರಲ್ಲಿ ಪಿಯರ್ ಲೆವೆ ಎಂಬ ಚಾಲಕ ತನ್ನ ಜೊತೆಗಾರನಿಗೆ ಕಾರು ಬಿಟ್ಟುಕೊಡದೆ, ಒಬ್ಬನೇ ಸುಮಾರು 23 ಗಂಟೆ ಓಡಿಸಿದ. ಎಲ್ಲರಿಗಿಂತ ಬಹಳ ಮುಂದಿದ್ದ. ಇನ್ನು ಒಂದು ಗಂಟೆಯಷ್ಟೇ ಉಳಿದಿತ್ತು ಎನ್ನುವಾಗ ಎಂಜಿನ್ ಕೆಟ್ಟು, ಗೆಲುವು ಕೈತಪ್ಪಿತು. 1988ರಲ್ಲಿ ಗೆದ್ದ ಜಾಗ್ವಾರ್ ಕಾರನ್ನು ಮೂವರು ಸರದಿಯಂತೆ ಓಡಿಸಿದರು. ಕೊನೆಯ ಹಂತದಲ್ಲಿ ಗೇರ್‌ಬಾಕ್ಸ್ ಹದಗೆಡುತ್ತಿರುವುದನ್ನು ಅರಿತ ಯಾನ್ ಲ್ಯಾಮರ್ಸ್, ನಾಲ್ಕನೆಯ ಗೇರಿನಲ್ಲಿಯೇ ಜತನದಿಂದ ಓಡಿಸಿ ಗುರಿ ಮುಟ್ಟಿಸಿದ. ಇಂದು ಒಬ್ಬ ಚಾಲಕ ಒಟ್ಟು 14 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ.

ಇನ್ನೊಂದು ಸ್ವಾರಸ್ಯವಿದೆ. 1982ರಲ್ಲಿ ಬಂದ ಗ್ರೂಪ್ ಸಿ ನಿಯಮ ಇಂಧನಕ್ಕೇ ಮಿತಿ ಹಾಕಿತು. 1000 ಕಿಲೋಮೀಟರಿಗೆ ಸುಮಾರು 600 ಲೀಟರ್ ಮಾತ್ರ. ಅಂದರೆ ಲೀಟರಿಗೆ ಒಂದೂಮುಕ್ಕಾಲು ಕಿಲೋಮೀಟರಿಗೂ ಕಡಿಮೆ. ನಮ್ಮ ಬಸ್ಸು ಕೂಡ ಇದಕ್ಕಿಂತ ಮಿತವ್ಯಯಿ! ಆದರೂ ಆ ವೇಗಕ್ಕೆ ಇದು ಬಿಗಿಯಾದ ಲೆಕ್ಕ. ಮೊದಲೇ ದುಂದು ಮಾಡಿದವನು ಕೊನೆಯಲ್ಲಿ ನಿಧಾನಿಸಲೇಬೇಕಿತ್ತು.

ಭಾರತೀಯರೂ ಹಿಂದೆ ಬಿದ್ದಿಲ್ಲ. ಚೆನ್ನೈಯ ಕರುಣ್ ಚಾಂದೋಕ್ 2012ರಲ್ಲಿ ಲೆ ಮಾನ್ಸ್‌ನಲ್ಲಿ ಓಡಿಸಿದರು. ಅವರ ತಂಡಕ್ಕೆ ಆರನೆಯ ಸ್ಥಾನ ದೊರೆಯಿತು. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಅರ್ಜುನ್ ಮೈನಿ 2019ರಲ್ಲಿ ಅದೇ ಓಟದ ಎಲ್‌ಎಂಪಿ2 ಪ್ರೋಟೋಟೈಪ್ ವರ್ಗದಲ್ಲಿ ಸ್ಪರ್ಧಿಸಿದರು. 2021ರಲ್ಲಿ ನಾರಾಯಣ್ ಕಾರ್ತಿಕೇಯನ್ ಮತ್ತು ನವೀನ್ ರಾವ್ ಜೊತೆ ಏಷ್ಯನ್ ಲೆ ಮಾನ್ಸ್ ಸರಣಿಯಲ್ಲಿ ಓಡಿದರು.

ಈ ವೇಗಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. 1955ರಲ್ಲಿ ಲೆವೆಯ ಕಾರು ಮತ್ತೊಂದಕ್ಕೆ ತಾಗಿ ಸಿಡಿಯಿತು. ಅವನೂ 80ಕ್ಕೂ ಹೆಚ್ಚು ಪ್ರೇಕ್ಷಕರೂ ಸತ್ತರು. ಆ ಬಳಿಕ ಪಿಟ್ ಎದುರಿನ ರಸ್ತೆಯನ್ನು ಹೊಸದಾಗಿ ಕಟ್ಟಿದರು. ಇಂದು ಓಟದ ಪಥದಲ್ಲಿ ತಡೆಗೋಡೆ, ವೈದ್ಯರು, ಬೆಂಕಿ ಆರಿಸುವವರು ಸಜ್ಜಾಗಿರುತ್ತಾರೆ. ಚಾಲಕ ಹೆಲ್ಮೆಟ್ ಇಲ್ಲದೆ ಒಳಗೆ ಕೂರುವಂತಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರಸ್ತೆಗಳಲ್ಲಿ ಇದಾವುದೂ ಇಲ್ಲ. ಅಲ್ಲಿ ತಂಬಾಕಿನ ಲಾರಿ, ಎತ್ತಿನ ಗಾಡಿ, ಶಾಲೆಯ ಮಕ್ಕಳು ಇರುತ್ತಾರೆ. ಗೆಳೆಯರೊಡನೆ ಪಂದ್ಯ ಕಟ್ಟಿ ಬೈಕು ಓಡಿಸುವುದು ಸಾಹಸವಲ್ಲ. ವೇಗದಲ್ಲಿ ನಿಜವಾದ ಆಸಕ್ತಿಯಿದ್ದರೆ ಭೌತಶಾಸ್ತ್ರ ಓದಿ, ಐಟಿಐಯಲ್ಲೋ ಪಾಲಿಟೆಕ್ನಿಕ್‌ನಲ್ಲೋ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಯಿರಿ. ಲೆ ಮಾನ್ಸ್‌ನ ಒಂದು ಕಾರನ್ನು ಓಡಿಸುವವರು ಮೂವರಾದರೆ, ಅದನ್ನು ಓಡುವಂತೆ ಇಡುವ ಕೈಗಳು ಹಲವು. ಆ ಕೈಗಳಲ್ಲಿ ನಿಮ್ಮವೂ ಸೇರಲಿ.