ಗುಂಡು ಮುಖದ ಕಾರು



ಹಳೆಯ ಮೋಟಾರುಗಳ ಚಿತ್ರಗಳ ನಡುವೆ ಒಂದು ಕಾರನ್ನು ನೀವು ಥಟ್ಟನೆ ಗುರುತಿಸಬಹುದು. ಅದರ ರೇಡಿಯೇಟರ್ ದುಂಡಗೆ, ಬಾನೆಟ್ ಪೀಪಾಯಿಯಂತೆ. ಅದು ಫ್ರಾನ್ಸಿನ ಡೆಲೋನೆ-ಬೆಲ್‌ವಿಲ್. ಈ ಗುಂಡು ಮುಖ ಬಂದದ್ದೆಲ್ಲಿಂದ?

ಪ್ಯಾರಿಸ್ ಪಕ್ಕದ ಸ್ಯಾಂ ದೆನಿಯಲ್ಲಿದ್ದ ಈ ಸಂಸ್ಥೆ ಹಡಗುಗಳಿಗೆ ಬಾಯ್ಲರ್ ತಯಾರಿಸುತ್ತಿತ್ತು. ಹಳೆಯ ಬಗೆಯ ಬಾಯ್ಲರಿನಲ್ಲಿ ಬಿಸಿ ಅನಿಲ ಕೊಳವೆಗಳೊಳಗೆ ಹಾಯುತ್ತಿತ್ತು. ನೀರು ಅವುಗಳ ಸುತ್ತ ಇರುತ್ತಿತ್ತು. ಇದನ್ನು ತಿರುವುಮುರುವು ಮಾಡಿದವರಲ್ಲಿ ಜೂಲಿಯನ್ ಬೆಲ್‌ವಿಲ್ ಒಬ್ಬ. ಅವನ ಬಾಯ್ಲರಿನಲ್ಲಿ ನೀರು ಕೊಳವೆಯೊಳಗೆ, ಬೆಂಕಿ ಹೊರಗೆ. ಇದರಿಂದ ಉಗಿ ಬೇಗ ಸಿದ್ಧವಾಗುತ್ತದೆ. ಸಣ್ಣ ಕೊಳವೆಗಳು ಹೆಚ್ಚಿನ ಒತ್ತಡವನ್ನೂ ತಡೆಯುತ್ತವೆ. ಬ್ರಿಟಿಷ್ ನೌಕಾಪಡೆಯೂ ಇದನ್ನು ಬಳಸಿತು. ಅಳಿಯ ಲೂಯಿ ಡೆಲೋನೆ ಮಾವನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ.

ಸಂಸ್ಥೆಯ ಮೊದಲ ಕಾರುಗಳು 1904ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದವು. ವಿನ್ಯಾಸಕಾರ ಮಾರಿಯುಸ್ ಬಾರ್ಬರೂ. ಬಾಯ್ಲರಿನ ನೆನಪು ಕಾರಿನ ಮುಖದಲ್ಲೇ ಉಳಿಯಿತು. ಆದರೆ ಇನ್ನೊಂದು ಬಳುವಳಿ ಕಣ್ಣಿಗೆ ಕಾಣುವಂಥದ್ದಲ್ಲ. ಅಂದಿನ ಅನೇಕ ಕಾರುಗಳ ಎಂಜಿನ್ನಿನಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು, ಇಲ್ಲವೇ ಸಿಡಿದು ಭಾಗಗಳಿಗೆ ತಗಲುತ್ತಿತ್ತು. ಬೆಲ್‌ವಿಲ್ ಉಗಿಯಂತ್ರಗಳಲ್ಲಿ ಪಂಪು ಎಣ್ಣೆಯನ್ನು ಒತ್ತಡದಿಂದ ಬೇರಿಂಗುಗಳಿಗೆ ತಲುಪಿಸುತ್ತಿತ್ತು. ಅದೇ ಉಪಾಯ ಕಾರಿಗೂ ಬಂತು. ಸವೆತ ತಗ್ಗಿತು, ಎಂಜಿನ್ ಮೆತ್ತಗೆ ಓಡಿತು.

ಹೀಗಾಗಿ ಶ್ರೀಮಂತರು ಇದಕ್ಕೆ ಮನಸೋತರು. ರಷ್ಯದ ಚಕ್ರವರ್ತಿ ಎರಡನೇ ನಿಕೊಲಸ್ ಇದರ ಗ್ರಾಹಕನಾದ. ಯಂತ್ರಕ್ಕೆ ಮಾತ್ರ ಅರಸನೂ ಒಂದೇ, ಕಳ್ಳನೂ ಒಂದೇ. 1911ರ ಡಿಸೆಂಬರ್ 21ರಂದು ಬೋನೊ ತಂಡ ಪ್ಯಾರಿಸಿನ ಓರ್ಡನೇರ್ ಬೀದಿಯಲ್ಲಿ ಬ್ಯಾಂಕಿನ ಹಣ ದೋಚಿ ಪರಾರಿಯಾದದ್ದು ಕದ್ದ ಡೆಲೋನೆ-ಬೆಲ್‌ವಿಲ್ ಕಾರಿನಲ್ಲೇ!

1914ರಲ್ಲಿ ಮಹಾಯುದ್ಧ ಬಂತು. 1917ರಲ್ಲಿ ಚಕ್ರವರ್ತಿಯ ಸಿಂಹಾಸನ ಉರುಳಿತು. 1919ರಲ್ಲಿ ಹಿಸ್ಪಾನೊ-ಸುಯಿಜಾ ತನ್ನ ಹೊಸ ಎಚ್6 ಕಾರನ್ನು ಮುಂದಿಟ್ಟಿತು. ವಿಮಾನದ ಎಂಜಿನ್ನಿನ ಅನುಭವದಿಂದ ಹುಟ್ಟಿದ ಕಾರು ಅದು. ಬಾಯ್ಲರಿನಿಂದ ಕಲಿತು ಮುಂದೆ ಬಂದವರನ್ನು ವಿಮಾನದಿಂದ ಕಲಿತವರು ಹಿಂದೆ ಹಾಕಿದರು. ಡೆಲೋನೆ-ಬೆಲ್‌ವಿಲ್ ಮತ್ತೆ ಮೊದಲ ಸ್ಥಾನಕ್ಕೆ ಏರಲಿಲ್ಲ. ಕಡೆಗೆ ಹೆಸರೂ ಮರೆಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗುಂಡು ಮುಖ ಮೆರೆದು ಮಾಯವಾಯಿತು. ಒತ್ತಡದಿಂದ ಎಣ್ಣೆ ಹರಿಸುವ ತತ್ತ್ವ ಇಂದಿನ ಪೆಟ್ರೋಲ್, ಡೀಸೆಲ್ ಕಾರುಗಳಲ್ಲೂ ಕೆಲಸ ಮಾಡುತ್ತಿದೆ. ಕಾರಿನ ಮುಂಭಾಗದ ಫಲಕದಲ್ಲಿ ಎಣ್ಣೆಯ ಡಬ್ಬಿಯಂಥ ಕೆಂಪು ದೀಪವೊಂದಿರುತ್ತದೆ, ನೋಡಿದ್ದೀರಾ? ಅದು ಎಚ್ಚರಿಸುವುದು ಈ ಒತ್ತಡ ಇಳಿದಾಗಲೇ. ಒಂದು ವಿದ್ಯೆಯನ್ನು ಚೆನ್ನಾಗಿ ಕಲಿತವರಿಗೆ ಅದು ಇನ್ನೊಂದು ಕಡೆಯೂ ನೆರವಾಗುತ್ತದೆ. ಆದರೆ ಕಲಿಯುವುದನ್ನು ನಿಲ್ಲಿಸಬಾರದು, ಅಷ್ಟೆ.