ನಿಂತ ಯಂತ್ರದ ಲೆಕ್ಕ



ಕಾರ್ಖಾನೆಯಲ್ಲಿ ಒಂದು ಯಂತ್ರ ನಿಂತರೆ ಅದರ ಹಿಂದೆ ಕಾದಿರುವ ಕೆಲಸಗಳೆಲ್ಲ ತಡವಾಗುತ್ತವೆ. ಆ ಲೆಕ್ಕವನ್ನು ಈಗ ಸಾಫ್ಟ್‌ವೇರ್ ಇಡುತ್ತದೆ. ಅದಕ್ಕೂ ಮುಂಚೆ ಅದನ್ನು ಕಾಗದದ ಮೇಲೆ ಇಟ್ಟವರಿದ್ದರು.

ಅಮೆರಿಕದ ಇಂಜಿನಿಯರ್ ಹೆನ್ರಿ ಗ್ಯಾಂಟ್ ಅವರ ಹೆಸರಿನ ಚಾರ್ಟ್ ಇವತ್ತಿಗೂ ಬಳಕೆಯಲ್ಲಿದೆ. ನನಗೆ ಹೆಚ್ಚು ಮುಖ್ಯವೆನಿಸುವುದು ಅವರ ಯಂತ್ರ ದಾಖಲೆಯ ಪಟ್ಟಿ. ಪ್ರತಿ ಯಂತ್ರಕ್ಕೂ ಒಂದು ಸಾಲು, ಪ್ರತಿ ದಿನಕ್ಕೂ ಒಂದು ಮನೆ. ದುಡಿದಷ್ಟು ಹೊತ್ತಿಗೆ ಗೆರೆ. ನಿಂತಿದ್ದರೆ ಕಾರಣ ಹೇಳುವ ಅಕ್ಷರ. ರಿಪೇರಿಗೆ ‘ಆರ್’, ಕರೆಂಟ್ ಇಲ್ಲದಿದ್ದರೆ ‘ಪಿ’, ಮಾಲು ಬಾರದಿದ್ದರೆ ‘ಎಂ’, ಕೆಲಸಗಾರರಿಲ್ಲದಿದ್ದರೆ ‘ಎಚ್’. 1922ರಲ್ಲಿ ವಾಲೆಸ್ ಕ್ಲಾರ್ಕ್ ಈ ಪದ್ಧತಿಯನ್ನು ಪುಸ್ತಕವಾಗಿಯೇ ವಿವರಿಸಿದರು. ಆ ಒಂದಕ್ಷರದ ಬೆಲೆ ದೊಡ್ಡದು. ಯಂತ್ರ ನಿಂತಿದ್ದಕ್ಕೆ ಆಪರೇಟರನ್ನು ಬೈಯುವ ಮೊದಲು ಸ್ಟೋರ್ಸಿನವರನ್ನೂ ಮ್ಯಾನೇಜರನ್ನೂ ಕೇಳಲೇಬೇಕಾಯಿತು. ಖಾಲಿ ನಿಂತ ಯಂತ್ರದ ಖರ್ಚನ್ನು ತಯಾರಾದ ಸರಕಿನ ಮೇಲೆ ಹೇರಬಾರದೆಂದೂ ಗ್ಯಾಂಟ್ ವಾದಿಸಿದ್ದರು.

1960ರ ದಶಕದಲ್ಲಿ ಈ ಲೆಕ್ಕಕ್ಕೆ ಕಂಪ್ಯೂಟರ್ ಬಂತು. ಜೋಸೆಫ್ ಆರ್ಲಿಕಿ ಮೊದಲಾದವರು ರೂಪಿಸಿದ ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್) ಪದ್ಧತಿ, ಯಾವ ಬಿಡಿಭಾಗ ಯಾವಾಗ ಬೇಕೆಂದು ಚೊಕ್ಕಟವಾಗಿ ಹೇಳುತ್ತಿತ್ತು. ಆದರೆ ಯಂತ್ರಗಳ ಸಾಮರ್ಥ್ಯಕ್ಕೆ ಮಿತಿಯೇ ಇಲ್ಲವೆಂದು ಅದು ನಂಬಿತ್ತು. ಸೋಮವಾರ ಸರ್ವಿಸಿಗೆ ಬಿಚ್ಚಿಟ್ಟ ಯಂತ್ರಕ್ಕೆ ಅದೇ ಸೋಮವಾರ ಕೆಲಸ ಹಚ್ಚುತ್ತಿತ್ತು. ಇಸ್ರೇಲಿನ ಭೌತವಿಜ್ಞಾನಿ ಎಲಿಯಾಹು ಗೋಲ್ಡ್‌ರಾಟ್ 1984ರ ‘ದಿ ಗೋಲ್’ ಕಾದಂಬರಿಯಲ್ಲಿ ಇನ್ನೊಂದು ಮಾತು ಸೇರಿಸಿದರು: ಬಾಟಲ್‌ನೆಕ್ ಆಗಿರುವ, ಅಂದರೆ ಇಡೀ ಕೆಲಸದ ವೇಗವನ್ನು ತಡೆಹಿಡಿಯುವ ಯಂತ್ರ ಒಂದು ಗಂಟೆ ನಿಂತರೆ ಇಡೀ ಕಾರ್ಖಾನೆಗೇ ಒಂದು ಗಂಟೆ ನಷ್ಟ. ಎಲ್ಲ ನಿಲುಗಡೆಯೂ ಒಂದೇ ತೂಕದ್ದಲ್ಲ ಎಂಬುದು ಆಗ ಮನದಟ್ಟಾಯಿತು.

ಯಂತ್ರಗಳ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಇಂದಿನ ಶೆಡ್ಯೂಲಿಂಗ್ ಸಾಫ್ಟ್‌ವೇರಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಕ್ಯಾಲೆಂಡರ್ ಇರುತ್ತದೆ. ಶಿಫ್ಟು, ವಾರದ ರಜೆ, ಸರ್ವಿಸಿನ ದಿನ, ಎಲ್ಲವನ್ನೂ ಮೊದಲೇ ಗುರುತಿಸಿಟ್ಟರೆ ಕೆಲಸಗಳು ಆ ಹೊತ್ತನ್ನು ಬಿಟ್ಟು ಕೂರುತ್ತವೆ. ಕಷ್ಟವಿರುವುದು ಅರ್ಧಕ್ಕೆ ನಿಂತ ಕೆಲಸದಲ್ಲಿ. ಲೇತಿನ ಮೇಲಿರುವ ಶಾಫ್ಟನ್ನು ಶನಿವಾರ ಬಿಟ್ಟು ಸೋಮವಾರ ಮುಂದುವರಿಸಬಹುದು. ಕುಲುಮೆಯಲ್ಲಿ ಎಂಟು ಗಂಟೆ ಕಾಯಬೇಕಾದ ಗೇರನ್ನು ನಡುವೆ ನಿಲ್ಲಿಸುವಂತಿಲ್ಲ. ಶಿಫ್ಟು ಮುಗಿಯಲು ಐದೇ ಗಂಟೆ ಉಳಿದಿದ್ದರೆ ಅದನ್ನು ಒಳಗಿಡಲೇಬಾರದು. ಯಾವ ಕೆಲಸವನ್ನು ತುಂಡರಿಸಬಹುದು, ಯಾವುದನ್ನು ಕೂಡದು ಎಂಬುದನ್ನು ಯಾರಾದರೂ ಸಾಫ್ಟ್‌ವೇರಿಗೆ ಹೇಳಿಕೊಡಬೇಕು. ಕುಲುಮೆಯ ಮುಂದೆ ನಿಂತು ದುಡಿದವರಿಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ.

ಇನ್ನು ದಿಢೀರ್ ಬ್ರೇಕ್‌ಡೌನ್. ಯಂತ್ರ ಮತ್ತೆ ಯಾವಾಗ ಸಿಗುತ್ತದೆಂದು ತುಂಬಿಸದೆ ಹೊಸ ಶೆಡ್ಯೂಲ್ ಹಾಕಲಾಗದು. ಫಿಟ್ಟರ್ ‘ಎರಡು ಗಂಟೆ ಸಾಕು’ ಎನ್ನುತ್ತಾರೆ. ಅವರು ಹೇಳುತ್ತಿರುವುದು ಬಿಚ್ಚಿ ಜೋಡಿಸುವ ಹೊತ್ತು. ಹೊಸ ಬೇರಿಂಗ್ ಸ್ಟೋರ್ಸಿನಲ್ಲಿ ಇಲ್ಲದಿದ್ದರೆ ಎರಡು ಗಂಟೆ ಎರಡು ದಿನವಾಗುತ್ತದೆ. ಪ್ಲಾನಿಂಗಿನವರು ಕಂಪ್ಯೂಟರಿನಲ್ಲಿ ವೇಳೆ ಒತ್ತುವ ಮೊದಲು ಸ್ಟೋರ್ಸಿಗೊಂದು ಫೋನ್ ಮಾಡಲಿ.