ಶ್ರುತಿ



ಸಂಸ್ಕೃತದಲ್ಲಿ ‘ಶ್ರು’ ಎಂದರೆ ಕೇಳು. ಅದರಿಂದ ಬಂದದ್ದು ಶ್ರುತಿ. ವೇದಕ್ಕೂ ಇದೇ ಹೆಸರು. ಬಾಯಿಂದ ಕಿವಿಗೆ ದಾಟಿ ಉಳಿದದ್ದಲ್ಲವೇ! ಭರತನ ನಾಟ್ಯಶಾಸ್ತ್ರ ಒಂದು ಸ್ಥಾಯಿಯಲ್ಲಿ 22 ಶ್ರುತಿಗಳನ್ನು ಎಣಿಸಿತು. ಅಲ್ಲಿ ಶ್ರುತಿಯೆಂದರೆ ಕಿವಿ ಬೇರ್ಪಡಿಸಿ ಹಿಡಿಯಬಲ್ಲ ಸಣ್ಣ ಅಂತರ. ಇವತ್ತು ನಾವು ‘ಶ್ರುತಿ ಎಷ್ಟು?’ ಎಂದು ಕೇಳುವುದು ಅದನ್ನಲ್ಲ, ಹಾಡುಗಾರರು ಹಿಡಿದ ಆಧಾರ ಷಡ್ಜವನ್ನು.

ಆ ಷಡ್ಜ ಸುಮ್ಮನೆ ಸಿಗುವುದಿಲ್ಲ. ತಂಬೂರಿಯ ಬಿರಡೆ ತಿರುಗಿಸಬೇಕು, ಕುದುರೆಯ ಮೇಲಿನ ನೂಲನ್ನು ಕೂದಲೆಳೆಯಷ್ಟು ಸರಿಸಬೇಕು, ಮೀಟಬೇಕು, ಕೇಳಬೇಕು. ಕಛೇರಿಯಲ್ಲಿ ಈ ಹೊತ್ತನ್ನು ಹರಟೆಗೆ ಬಿಟ್ಟುಕೊಡುವ ಸಭಿಕರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಈಗಂತೂ ಎಲೆಕ್ಟ್ರಾನಿಕ್ ಪೆಟ್ಟಿಗೆ, ಮೊಬೈಲು ಆ ಕೆಲಸವನ್ನೂ ವಹಿಸಿಕೊಂಡಿವೆ.

ತಮಾಷೆ ಇರುವುದು ಹಾರ್ಮೋನಿಯಂನಲ್ಲಿ. ಅದರ ಮನೆಗಳು ಕದಲುವುದಿಲ್ಲ, ಸೂಕ್ಷ್ಮ ಶ್ರುತಿ ನುಡಿಯುವುದಿಲ್ಲ, ಗಮಕಕ್ಕೆ ಒಗ್ಗುವುದಿಲ್ಲ ಎಂಬ ಆಕ್ಷೇಪದಿಂದ 1940ರಲ್ಲಿ ರೇಡಿಯೋ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬರಲು ದಶಕಗಳೇ ಬೇಕಾದವು. ಆದರೆ ಶ್ರುತಿಗೆ ಲೆಕ್ಕ ಕೊಟ್ಟದ್ದು ಅದೇ ಮನೆಗಳು. ಯಕ್ಷಗಾನದ ಭಾಗವತರು ‘ಬಿಳಿ ಎರಡು’, ‘ಕಪ್ಪು ಮೂರು’ ಎನ್ನುತ್ತಾರೆ. ಗಾಯಕಿಯರು ‘ಐದೂವರೆ ಮನೆ’ ಎನ್ನುತ್ತಾರೆ.

ಸಂಗೀತ ಕಲಿಯದವರ ಬಾಯಲ್ಲೂ ಈ ಮಾತಿದೆ. ಗಂಡ ಹೆಂಡತಿಗೆ ಶ್ರುತಿ ಕೂಡಲಿಲ್ಲ, ಸರ್ಕಾರ ಶ್ರುತಿ ತಪ್ಪಿದೆ, ಅನ್ನುತ್ತೇವೆ. ಮಗಳಿಗೆ ಹೆಸರಿಡುವಾಗಲೂ ಇದು ನೆನಪಾಗುತ್ತದೆ. ಆ ಶ್ರುತಿಯರಲ್ಲಿ ಹಾಡುವವರೆಷ್ಟೋ, ಬೈಗುಳ ಕೇಳಿಸಿಕೊಂಡವರೆಷ್ಟೋ!